ಕೋಟೆಗೆ ಬೆನ್ನು ಹಾಕಿದ ಆಡು

ಹವ್ವಮ್ಮನನ್ನು ಊರಿಗೆ ಕಳಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಮೈದುನ ಮಹ್ರೂಫ್ ಹೂಂ ಅಂದಿದ್ದ. ಮಂಗಳೂರಿನಲ್ಲಿರುವ ಮಗಳು ಹಿಬಾ ಫೋನಿನಲ್ಲೇ ಹೂಂ ಅಂದಿದ್ದಳು. ಇಲ್ಲಿ ಮಸ್ಕತ್ತಿನ ಅಲ್ ಅಮೇರಾತ್‌ನಲ್ಲಿ ಅವರ ಮನೆಯ ಸುತ್ತಮುತ್ತಲಿನ ನೆಂಟರು, ಊಟಕ್ಕೆ ಕರೆದಾಗ ಮಾತ್ರ ನೆನಪಾಗುವ ನೆಂಟರು, ಅವರೂ ತಲೆಯಾಡಿಸಿದ್ದರು. ಹವ್ವಮ್ಮನನ್ನು ಒಂದು ಮಾತು ಕೇಳುವುದಷ್ಟೇ ಬಾಕಿ ಇತ್ತು. ಅದು ಯಾರಿಗೂ ನೆನಪಾಗಲಿಲ್ಲ.

ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಪದ್ಮಮ್ಮ, ಮೈಸೂರಿನವಳು. ಮಸ್ಕತ್ತಿನದೇ ರೂವಿ ಪೇಟೆಯ ಬಸ್ ನಿಲ್ದಾಣದ ಹಿಂದಿನ ಕಟ್ಟಡವೊಂದರಲ್ಲಿ ಟೈಪಿಂಗ್ ಸೆಂಟರ್ ನಡೆಸುತ್ತೇನೆ. ವೀಸಾ ಅರ್ಜಿ, ಬಾಡಿಗೆ ಕರಾರು, ಕಾರು ಮಾರಿದ ಪತ್ರ, ಎಲ್ಲವೂ ನನ್ನ ಬೆರಳ ತುದಿಯಿಂದಲೇ ಹೋಗಬೇಕು. ಪಕ್ಕದ್ದು ಹವ್ವಮ್ಮನವರ ಟೋಪಿ ಅಂಗಡಿ. ಒಮಾನಿನ ಗಂಡಸರು ತೊಡುವ ಕುಮ್ಮ ನೀವು ನೋಡಿರಬಹುದು: ಬಿಳಿ ಬಟ್ಟೆಯ ದುಂಡು ಟೋಪಿ, ಮೈತುಂಬ ಕಸೂತಿ. ಅವನ್ನು ಕೈಯಲ್ಲಿ ಹೊಲಿದು ಮಾರುವ ಅಂಗಡಿ ಅದು. ನಮ್ಮೆರಡು ಅಂಗಡಿಗಳ ನಡುವೆ ಇರುವುದು ಪ್ಲೈವುಡ್ ಗೋಡೆ. ಆಚೆ ಸೂಜಿ ಬಿದ್ದರೆ ಈಚೆ ಕೇಳುತ್ತದೆ, ಜಗಳವಾದರೆ ಕೇಳದೆ ಇರುತ್ತದೆಯೇ?

ಅವರ ಮನೆಮಾತು ಬ್ಯಾರಿ. ಮೈದುನ ಅತ್ತಿಗೆ ಲೆಕ್ಕಾಚಾರ, ಅಡುಗೆ, ನಮಾಜಿನ ಹೊತ್ತು ಎಲ್ಲವನ್ನೂ ಬ್ಯಾರಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಜಗಳ ಶುರುವಾದ ಕೂಡಲೇ ಹವ್ವಮ್ಮ ಕನ್ನಡಕ್ಕೆ ಬರುತ್ತಿದ್ದರು, ಅದೂ ಗೋಡೆಯ ಕಡೆ ಮುಖ ಮಾಡಿ. ಪಕ್ಕದಲ್ಲಿ ನಾನೊಬ್ಬಳು ಸಾಕ್ಷಿ ಇದ್ದೇನೆ ಎಂಬುದು ಅವರ ಲೆಕ್ಕ. ನಾನೂ ಅಂಥ ಹೊತ್ತಿನಲ್ಲಿ ಟೈಪ್ ಮಾಡುವುದನ್ನು ನಿಲ್ಲಿಸಿಬಿಡುತ್ತಿದ್ದೆ.

ಮಹ್ರೂಫ್ ಕೆಟ್ಟವನೇನಲ್ಲ. ಅಣ್ಣ ಮುಹಮ್ಮದ್ ತೀರಿಕೊಂಡ ಮೇಲೆ ಅಂಗಡಿಯ ಓಡಾಟವನ್ನೆಲ್ಲ ಹೊತ್ತವನು ಅವನೇ. ಆದರೆ ಅವನಿಗೆ ಒಂದು ಕಂಪ್ಯೂಟರ್ ಕಸೂತಿ ಮೆಷಿನ್ ತರುವ ಹುಚ್ಚು ಹಿಡಿದಿತ್ತು. ಚಿತ್ರ ಕೊಟ್ಟರೆ ತಾನೇ ಹೊಲಿದು ಮುಗಿಸುವ ಮೆಷಿನ್. ಅದನ್ನಿಡಲು ಅಂಗಡಿಯಲ್ಲಿ ಇದ್ದದ್ದು ಒಂದೇ ಜಾಗ, ಬೀದಿ ಕಡೆಯ ಗಾಜಿನ ಬಳಿ. ಅಲ್ಲಿ ಹವ್ವಮ್ಮನ ಕುರ್ಚಿ ಇತ್ತು. ಅವರ ವೀಸಾ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ನವೀಕರಿಸುವುದು ಬೇಡ, ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸೋಣ, ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿರಲಿ ಎಂದು ಅವನ ಯೋಜನೆ.

"ನಿಮಗೆ ವಯಸ್ಸಾಯ್ತಲ್ಲ ಅತ್ತಿಗೆ. ಇನ್ನು ಊರಲ್ಲಿ ಆರಾಮ ಇರಿ ಮಾರಾಯ್ರೆ," ಎನ್ನುತ್ತಿದ್ದ.

"ಆರಾಮ ಅಂದ್ರೆ ಎಂತದು? ಸುಮ್ಮನೆ ಕೂತ್ಕೊಳ್ಳುದಾ?" ಹವ್ವಮ್ಮ ಗೋಡೆಗೆ ಕೇಳುತ್ತಿದ್ದರು. "ಪದ್ಮಕ್ಕ, ನೀವೇ ಹೇಳಿ. ನನ್ನ ಕೈ ನಿಂತ್ರೆ ನಾನು ಎಂತಕ್ಕೆ ಇರುದು?"

ನನಗಿಂತ ಎಂಟು ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಪದ್ಮಕ್ಕ ಎಂದೇ ಕರೆಯುತ್ತಿದ್ದರು. ಅದು ಅವರ ಕಡೆಯ ಮರ್ಯಾದೆ.

ಆ ಕೈಯ ಕತೆ ಹೇಳದೆ ಮುಂದೆ ಹೋಗಲಾಗದು. ಹವ್ವಮ್ಮ ಪಾಣೆಮಂಗಳೂರಿನವರು. ಹತ್ತು ವರ್ಷ ತುಂಬುವ ಮೊದಲೇ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕೂತವರು. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದರೆ ಅಲ್ಲಿನ ಮನುಷ್ಯ ಒಂದಿಷ್ಟನ್ನು ಸರಿಯಿಲ್ಲವೆಂದು ಬದಿಗೆ ಸರಿಸುತ್ತಿದ್ದ. ಸರಿಸಿದ್ದಕ್ಕೆ ಕೂಲಿ ಇಲ್ಲ. ಆದರೆ ಬೀಡಿಯನ್ನು ವಾಪಸು ಕೊಡುತ್ತಲೂ ಇರಲಿಲ್ಲ. ಆ ಕೆಟ್ಟ ಬೀಡಿಯನ್ನು ಅವನು ಹಿಂದಿನಿಂದ ತಾನೇ ಮಾರಿಕೊಳ್ಳುತ್ತಾನೆಂದು ಎಲ್ಲ ಹೆಂಗಸರಿಗೂ ಗೊತ್ತಿತ್ತು, ಬಾಯಿ ಬಿಡುವವರಿರಲಿಲ್ಲ. ಒಂದು ದಿನ ಹುಡುಗಿ ಹವ್ವ ಅವನ ಎದುರಿಗೇ ಕೈ ಹಾಕಿ, ಬದಿಗೆ ಸರಿಸಿದ್ದ ತನ್ನ ಬೀಡಿಗಳನ್ನೆಲ್ಲ ಬಾಚಿ, ಹೊಸಕಿ ಪುಡಿ ಮಾಡಿ ನೆಲಕ್ಕೆ ಸುರಿದಳು. "ಕೆಟ್ಟದ್ದಾದ್ರೆ ನನಗೂ ಬೇಡ, ನಿಮಗೂ ಬೇಡ" ಎಂದಳು. ಮನೆಯಲ್ಲಿ ಬೆನ್ನಿಗೆ ಬಿತ್ತು. ಮುಂದಿನ ವಾರದಿಂದ ಅವಳ ಬೀಡಿಯನ್ನು ಬದಿಗೆ ಸರಿಸುವುದು ಮಾತ್ರ ನಿಂತಿತು.

ಮದುವೆಯಾಗಿ ಒಮಾನಿಗೆ ಬಂದಾಗ ಗಂಡ ಮುಹಮ್ಮದ್‌ಗೆ ಸುವೈಕ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ. ಕಡಲ ಬದಿಯ ಆ ಊರಿನಲ್ಲಿ ಪಕ್ಕದ ಮನೆಯಾಕೆ ಝುವೈನಾ ಎಂಬ ಒಮಾನಿ ಮುದುಕಿ ಕುಮ್ಮ ಹೊಲಿಯುತ್ತಿದ್ದಳು. ಆಗ ಹವ್ವಮ್ಮನಿಗೆ ಅರಬಿ ಬರುತ್ತಿರಲಿಲ್ಲ, ಆಕೆಗೆ ಅದಲ್ಲದೆ ಬೇರೇನೂ ಬರುತ್ತಿರಲಿಲ್ಲ. ಆದರೂ ಸೂಜಿ ಹಿಡಿದು ಕೂತರೆ ಮಾತಿಗೇನು ಕೆಲಸ! ಝುವೈನಾಳದೇ ಒಂದು ಕ್ರಮವಿತ್ತು. ಚಿತ್ರವನ್ನು ಬಟ್ಟೆಯ ಒಳಮೈ ಮೇಲೆ ಬರೆದುಕೊಂಡು, ಒಳಮೈಯನ್ನೇ ನೋಡುತ್ತ ಹೊಲಿಯುವುದು. ಆಗ ಪೆನ್ಸಿಲ್ ಗೆರೆಯಾಗಲಿ, ಬೆವರಿನ ಕಲೆಯಾಗಲಿ ಬಿಳಿಯ ಹೊರಮೈಗೆ ತಾಗುವುದಿಲ್ಲ. ಹೀಗೆ ಒಳಗಿನಿಂದ ಹೊಲಿದದ್ದು ಹೊರಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರುತ್ತದೆ ನಿಜ. ಆದರೆ ಕುಮ್ಮದ ಮೇಲೆ ಇರುವುದು ನಕ್ಷತ್ರ, ಹೂವು, ಬಳ್ಳಿಯ ಸುತ್ತು. ನಕ್ಷತ್ರಕ್ಕೆ ಎಲ್ಲಿಯ ಎಡ, ಎಲ್ಲಿಯ ಬಲ? ಮೂವತ್ತು ವರ್ಷ ಹವ್ವಮ್ಮ ಹಾಗೇ ಹೊಲಿದರು. ಅಕ್ಷರದ ಕೆಲಸ ಬಂದರೆ ಮುಟ್ಟುತ್ತಿರಲಿಲ್ಲ, ಬೇರೆ ಅಂಗಡಿ ತೋರಿಸುತ್ತಿದ್ದರು.

ರೂವಿಯಲ್ಲಿ ಅಂಗಡಿ ಹಾಕಿದ್ದು ಆ ಹೊಲಿಗೆಯ ಬಲದಿಂದಲೇ. ಆದರೂ ಬೋರ್ಡಿನ ಮೇಲೆ ಮುಹಮ್ಮದ್ ಹೆಸರು, ಲೈಸೆನ್ಸಿನ ಮೇಲೆ ಕಫೀಲ್ ಝಿಯಾದ್ ಹೆಸರು. ಕಫೀಲ್ ಎಂದರೆ ನಮ್ಮನ್ನು ಇಲ್ಲಿ ಇಟ್ಟುಕೊಂಡ ಒಮಾನಿ ಯಜಮಾನ, ವೀಸಾಕ್ಕೆ ಸಹಿ ಹಾಕುವವನು. ಹವ್ವಮ್ಮನ ಹೆಸರು ಎಲ್ಲೂ ಇರಲಿಲ್ಲ. ಇದ್ದದ್ದು ಗಾಜಿನ ಬಳಿಯ ಆ ಕುರ್ಚಿ ಒಂದೇ. ಈಗ ಅದಕ್ಕೂ ಮೆಷಿನ್ ಬರುವುದರಲ್ಲಿತ್ತು.

ಇಂಥ ಹೊತ್ತಿನಲ್ಲಿ ಗೆರ್ಲಿಂಡೆ ಬಂದಳು. ಮಸ್ಕತ್ತಿನಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುವ ಜರ್ಮನ್ ಹೆಂಗಸು, ಬಿಸಿಲಿಗೆ ಕೆಂಪಾದ ಮುಖ, ದೊಡ್ಡ ನಗು. ಗಾಜಿನಾಚೆ ನಿಂತು ಹವ್ವಮ್ಮನ ಕೈಯನ್ನೇ ನೋಡುತ್ತಿದ್ದು ಒಳಗೆ ಬಂದವಳು ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟಳು. ನೀಲಿ ಗುರಾಣಿ. ಅದರಲ್ಲಿ ಮೂರು ಹಸಿರು ದಿಬ್ಬ. ದಿಬ್ಬದ ಮೇಲೆ ಒಂದು ಬಿಳಿ ಆಡು, ಕಾಲ ಬಳಿ ಹಾಲಿನ ಪಾತ್ರೆ. ಅವಳ ಊರು ಟ್ರೌಟೆನ್‌ಬ್ರುಕ್, ಅದು ಆ ಊರಿನ ಲಾಂಛನ. ವರ್ಷಕ್ಕೊಂದು ದಿನ ಊರಿನ ಪ್ರತಿ ಮನೆಯ ಕಿಟಕಿಗೂ ಈ ಲಾಂಛನದ ಬಟ್ಟೆ ತೂಗುಹಾಕುತ್ತಾರಂತೆ. ಅವಳ ತಾಯಿಯ ಮನೆಯ ಬಟ್ಟೆಗೆ ನುಸಿ ಹಿಡಿದಿದೆ, ಹೊಸದೊಂದು ಬೇಕು, ಕೈಹೊಲಿಗೆಯದೇ ಬೇಕು ಎಂದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು, ಹವ್ವಮ್ಮ ಕರೆದರೆಂದು ಹೋಗಿದ್ದ ನಾನು ಕನ್ನಡದಲ್ಲಿ ಹೇಳಿದೆ. ಒಂದು ಊರಿಗೆ ಲಾಂಛನವೇ ಎಂದು ನನಗೆ ಸೋಜಿಗವಾಯಿತು. ನಾನು ಕಂಡ ಲಾಂಛನವೆಂದರೆ ನಮ್ಮ ಗಂಡಭೇರುಂಡ, ಅದು ರಾಜರದ್ದು. ಇವರದು ನೋಡಿದರೆ ಹಾಲು ಕರೆಯುವ ಆಡು.

ಮಹ್ರೂಫ್‌ಗೆ ಇದ್ದಕ್ಕಿದ್ದಂತೆ ಧರ್ಮ ನೆನಪಾಯಿತು. "ಅತ್ತಿಗೆ, ಜೀವ ಇರುವ ಪ್ರಾಣಿಯ ಚಿತ್ರ ಹೊಲಿಯುದಾ? ಅದು ಸರಿಯಾ?"

"ನೀನು ಬೆಳಿಗ್ಗೆ ಬೆಳಿಗ್ಗೆ ಚಾಯಕ್ಕೆ ಹಾಕುವ ಹಾಲಿನ ಡಬ್ಬದ ಮೇಲೆ ಎಂತ ಉಂಟು?" ಎಂದರು ಹವ್ವಮ್ಮ.

"ದನ."

"ಅದರ ಹಾಲು ನಿನ್ನ ಗಂಟಲಲ್ಲಿ ಇಳಿತದಲ್ಲ? ಈ ಆಡೂ ಇಳಿತದೆ, ಸುಮ್ಮನಿರು."

ಗೆರ್ಲಿಂಡೆ ಹೋದ ಮೇಲೆ ಮಹ್ರೂಫ್ ಸ್ವಲ್ಪ ಗಂಭೀರನಾದ. ಇದೊಂದು ಕೆಲಸ ನೋಡೋಣ, ಚೆನ್ನಾಗಿ ಬಂದರೆ ನಾನು ಮಾತಾಡುವುದಿಲ್ಲ, ಎಡವಟ್ಟಾದರೆ ನೀವು ಮಾತಾಡಬಾರದು, ಟಿಕೆಟ್ ತೆಗೆಯುತ್ತೇನೆ ಎಂದ. ಇದನ್ನೂ ಕನ್ನಡದಲ್ಲೇ ಹೇಳಿದ, ನನಗೆ ಕೇಳಲಿ ಎಂದೇ. ಹವ್ವಮ್ಮ ಆಯಿತು ಎಂದರು. ಪಂಥ ಹೂಡುವವರ ಹಾಗೆ ಸೂಜಿಯನ್ನು ತಲೆವಸ್ತ್ರಕ್ಕೆ ಚುಚ್ಚಿಕೊಂಡರು.

ಕುಮ್ಮದ ಕೆಲಸದ ನಡುನಡುವೆ ಅವರು ಆ ಆಡನ್ನು ಹೊಲಿದರು. ಅಂಥ ಆಡನ್ನು ನಾನು ಕಂಡಿಲ್ಲ. ಹೊರಮೈಯಲ್ಲಿ ಹೊಟ್ಟೆಯ ಕಡೆ ಹತ್ತಿ ತುಂಬಿ ಉಬ್ಬಿಸಿ, ಗಡ್ಡಕ್ಕೆ ಸಡಿಲ ದಾರ ಬಿಟ್ಟು, ಮುಟ್ಟಿದರೆ ಮ್ಯಾ ಎನ್ನಬೇಕು, ಹಾಗಿತ್ತು. ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಇಟ್ಟರು. ಮಹ್ರೂಫ್ ಕೂಡ ಒಮ್ಮೆ ಬಿಚ್ಚಿ ನೋಡಿ, ಮೊದಲಿಗಿಂತ ಚೊಕ್ಕವಾಗಿ ಸುತ್ತಿಟ್ಟ. ಅವನ ಲೆಕ್ಕದಲ್ಲಿ ಅದು ಹೊಗಳಿದ ಹಾಗೆ.

ಮಂಗಳವಾರ ಗೆರ್ಲಿಂಡೆ ಬಂದಳು. ಕಾಗದ ಬಿಚ್ಚಿದಳು. ಮುಖದ ಮೇಲೆ ಮೊದಲು ಸಂತೋಷ ಬಂತು, ಬಂದದ್ದು ಅಲ್ಲೇ ನಿಂತುಬಿಟ್ಟಿತು. ಕೈಚೀಲದಿಂದ ಚಿತ್ರದ ಇನ್ನೊಂದು ಪ್ರತಿ ತೆಗೆದು ಪಕ್ಕದಲ್ಲಿಟ್ಟಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಚಿತ್ರದ ಆಡು ಬಲಕ್ಕೆ ನೋಡುತ್ತಿತ್ತು. ಹವ್ವಮ್ಮನ ಆಡು ಎಡಕ್ಕೆ ನೋಡುತ್ತಿತ್ತು.

ಮೂವತ್ತು ವರ್ಷ ನಕ್ಷತ್ರ ಹೊಲಿದ ಕೈ, ಮೊದಲ ಸಲ ಮುಖ ಇರುವುದನ್ನು ಹೊಲಿದಿತ್ತು. ಒಳಮೈಯಲ್ಲಿ ಬರೆದ ಆಡು ಹೊರಗೆ ಬರುವಾಗ ತಿರುಗಿ ನಿಂತಿತ್ತು. ಹವ್ವಮ್ಮನಿಗೆ ಅದು ಕ್ಷಣದಲ್ಲೇ ಹೊಳೆಯಿತು. "ಯಾ ರಬ್ಬೇ" ಎಂದು ಕುರ್ಚಿಗೆ ಕೂತರು.

"ಪರವಾಗಿಲ್ಲ," ಎಂದಳು ಗೆರ್ಲಿಂಡೆ, "ತುಂಬ ಚೆನ್ನಾಗಿದೆ. ನಾನು ತೆಗೆದುಕೊಂಡು ಹೋಗುತ್ತೇನೆ." ಹೇಳಿದಳು, ಆದರೆ ಕಣ್ಣು ಬಟ್ಟೆಯ ಮೇಲಿಂದ ಏಳಲಿಲ್ಲ.

"ಖಲಾಸ್. ಗಿರಾಕಿ ಒಪ್ಪಿದ್ರಲ್ಲ," ಎಂದ ಮಹ್ರೂಫ್. ಧ್ವನಿಯಲ್ಲಿ ಟಿಕೆಟ್ಟಿನ ಸದ್ದಿತ್ತು.

"ನಿಲ್ಲು," ಎಂದರು ಹವ್ವಮ್ಮ. "ಪದ್ಮಕ್ಕ, ಕೇಳಿ ಅವರತ್ರ. ಆಡು ಆಚೆ ನೋಡಿದ್ರೆ ಎಂತ, ಈಚೆ ನೋಡಿದ್ರೆ ಎಂತ? ಅವರ ಮುಖ ಯಾಕೆ ಹಾಗಾಯ್ತು?"

ನಾನು ಕೇಳಿದೆ. ಗೆರ್ಲಿಂಡೆ ಸ್ಟೂಲಿನ ಮೇಲೆ ಕೂತು ಹೇಳಿದಳು. ಅವಳು ಹೇಳಿದ್ದನ್ನು ನಾನು ನನ್ನ ಕನ್ನಡದಲ್ಲಿ ಹವ್ವಮ್ಮನಿಗೆ ದಾಟಿಸಿದ್ದು ಹೀಗೆ.

ಐನೂರು ವರ್ಷದ ಹಿಂದೆ ಟ್ರೌಟೆನ್‌ಬ್ರುಕ್ ಊರಿನ ಎದುರಿನ ಗುಡ್ಡದ ಮೇಲೆ ಒಬ್ಬ ಪಾಳೇಗಾರನ ಕೋಟೆ ಇತ್ತಂತೆ. ಅವಳು ಬೇರೇನೋ ಪದ ಹೇಳಿದಳು, ನನಗೆ ಅವನು ಪಾಳೇಗಾರನೇ. ಊರಿನ ಪ್ರತಿ ಮನೆಯೂ ಹಾಲು ಕೊಡುವ ಆಡನ್ನು ಕೋಟೆಗೆ ಒಪ್ಪಿಸಬೇಕೆಂದು ಅವನು ಆಜ್ಞೆ ಮಾಡಿದ. ಊರು ಒಲ್ಲೆ ಎಂದು ಬಾಗಿಲು ಹಾಕಿಕೊಂಡಿತು. ಅವನು ಸುತ್ತ ಮುತ್ತಿಗೆ ಹಾಕಿ ಕೂತ. ಚಳಿಗಾಲ ಕಳೆಯುವಷ್ಟರಲ್ಲಿ ಒಳಗೆ ಕಾಳು ಮುಗಿದು, ಆಡುಗಳೂ ಮುಗಿದು, ಉಳಿದದ್ದು ಒಂದೇ ಆಡು. ಅದು ಒಬ್ಬ ವಿಧವೆಯದು. ದೊಡ್ಡ ಮನುಷ್ಯರೆಲ್ಲ ಸೇರಿ ಶರಣಾಗೋಣ ಎಂದು ತೀರ್ಮಾನಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಅವಳು ಆಡನ್ನು ಎಳೆದುಕೊಂಡು ಊರಿನ ಗೋಡೆ ಹತ್ತಿದಳು. ಅದರ ಹಿಂಭಾಗವನ್ನು ಕೋಟೆಯ ಕಡೆ ಮಾಡಿ ಕಟ್ಟಿ, ಎಲ್ಲರಿಗೂ ಕಾಣುವಂತೆ ಕೂತು ಹಾಲು ಕರೆದಳು. ಮರುದಿನವೂ ಕರೆದಳು, ಅದರ ಮರುದಿನವೂ ಕರೆದಳು. ಹೊರಗಿನವರು ಇವರಲ್ಲಿ ಇನ್ನೂ ಹಾಲಿಗೆ ಬರವಿಲ್ಲ ಎಂದುಕೊಂಡು ಬೇಸತ್ತು ರಾಜಿಗೆ ಬಂದರು.

"ಶಹಬ್ಬಾಸ್!" ಹವ್ವಮ್ಮ ತೊಡೆ ತಟ್ಟಿದರು. "ಕುಂಡೆ ತೋರಿಸಿಯೇ ಗೆದ್ದಳು ನೋಡಿ!"

ಕತೆ ಮುಗಿದಿರಲಿಲ್ಲ. ರಾಜಿಯ ಪತ್ರಕ್ಕೆ ಎರಡು ಮುದ್ರೆ, ಎಡಕ್ಕೆ ಪಾಳೇಗಾರನದು, ಬಲಕ್ಕೆ ಊರಿನದು. ಊರು ತನ್ನ ಮುದ್ರೆಯಲ್ಲಿ ಆಡನ್ನೇ ಇಟ್ಟುಕೊಳ್ಳಲಿ, ಆದರೆ ಅದು ಎಡಕ್ಕೆ ತಿರುಗಿ ತನ್ನ ಮುದ್ರೆಯನ್ನೇ ನೋಡುತ್ತ ನಿಂತಿರಬೇಕು ಎಂದು ಅವನು ಷರತ್ತು ಹಾಕಿದ. ಮುದ್ರೆ ಕೆತ್ತುವವನು ಕೆತ್ತಿದ. ಪಾಳೇಗಾರನ ಮನುಷ್ಯ ಬಂದು ಅಚ್ಚನ್ನು ಕೈಯಲ್ಲಿ ಹಿಡಿದು ನೋಡಿದ. ಆಡು ಎಡಕ್ಕೇ ನೋಡುತ್ತಿತ್ತು. ಸರಿ ಎಂದು ಹೋದ. ಅಚ್ಚನ್ನು ಅರಗಿಗೆ ಒತ್ತಿದರೆ ಎಡದ್ದು ಬಲಕ್ಕೆ ಬರುತ್ತದೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಪತ್ರದ ಮೇಲೆ ಬಿದ್ದ ಆಡು ಪಾಳೇಗಾರನ ಮುದ್ರೆಗೆ ಹಿಂಭಾಗ ತಿರುಗಿಸಿ ನಿಂತಿತ್ತು. ಅಂದಿನಿಂದ ಇಂದಿನವರೆಗೂ ಆ ಊರಿನ ಆಡು ನೋಡುವುದು ಬಲಕ್ಕೇ. ಊರಿನಲ್ಲಿ ಪಾಳೇಗಾರನ ಪರವಾಗಿದ್ದ ಒಂದೆರಡು ಮನೆಯವರು ಮಾತ್ರ ಹೆದರಿ ಎಡಕ್ಕೆ ನೋಡುವ ಆಡನ್ನು ಕಿಟಕಿಗೆ ಹಾಕಿದ್ದರಂತೆ. ಅವರನ್ನು ಇಂದಿಗೂ ಕೋಟೆಯ ಮಂದಿ ಎಂದು ಆಡಿಕೊಳ್ಳುತ್ತಾರಂತೆ.

"ಅಂದ್ರೆ, ನನ್ನ ಆಡು ಇವರ ತಾಯಿಯ ಕಿಟಕಿಯಲ್ಲಿ ನೇತಾಡಿದ್ರೆ..." ಹವ್ವಮ್ಮ ಗೆರ್ಲಿಂಡೆಯ ಕಡೆ ತಿರುಗಿದರು.

"ಜನ ಸ್ವಲ್ಪ ನಗುತ್ತಾರೆ, ಅಷ್ಟೇ," ಎಂದಳು ಗೆರ್ಲಿಂಡೆ. "ಶನಿವಾರ ಸಂಜೆ ನನ್ನ ವಿಮಾನ. ಇನ್ನು ಸಮಯವಿಲ್ಲ. ಇದನ್ನೇ ಕೊಡಿ."

ಹವ್ವಮ್ಮ ಎದ್ದು ಆಡನ್ನು ಮಡಚಿ ಎದೆಗೆ ಅವಚಿಕೊಂಡರು. "ಕೊಡುದಿಲ್ಲ," ಎಂದರು.

ನಾನು ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ.

"ಅತ್ತಿಗೆ!" ಮಹ್ರೂಫ್ ಕೌಂಟರ್ ಬಿಟ್ಟು ಬಂದ. "ಅವರೇ ಬೇಕು ಅಂತಿದ್ದಾರೆ, ನಿಮಗೆಂತ? ಬೇಕಾದ್ರೆ ತಿರುಗಿಸಿ ಕೊಡಿ, ಒಳಗಿನ ಬದಿ ಹೊರಗೆ ಮಾಡಿ."

"ಒಳಗೆ ಗಂಟು, ಹೊರಗೆ ಹತ್ತಿ. ಒಳಗಿಂದ ನೋಡಿದ್ರೆ ಅದು ಆಡಲ್ಲ, ಸತ್ತ ಬೆಕ್ಕು."

"ಹಾಗಾದ್ರೆ ಮೆಷಿನಿನವರತ್ರ ಕೊಡುವ. ಒಂದು ಗಂಟೆಯ ಕೆಲಸ."

"ಕೈಯದ್ದು ಬೇಕು ಅಂತ ಬಂದವರಿಗೆ ಮೆಷಿನಿನದ್ದು ಕೊಡುದಾ? ನನ್ನ ಕೈಯಿಂದ ಕೆಟ್ಟದ್ದು, ನನ್ನ ಕೈಯಿಂದಲೇ ಸರಿ ಆಗ್ಬೇಕು. ಕೆಟ್ಟದ್ದು ಅಂತ ಗೊತ್ತಾದ ಮೇಲೆ ಅದು ಈ ಅಂಗಡಿಯ ಮೆಟ್ಟಿಲು ಇಳಿಯುದಿಲ್ಲ. ಶನಿವಾರ ಅಲ್ವಾ? ಶನಿವಾರ ಕೊಡ್ತೇನೆ."

"ಮಾತು ಏನಾಗಿತ್ತು? ಎಡವಟ್ಟಾದ್ರೆ ನೀವು ಮಾತಾಡ್ಬಾರ್ದು ಅಂತ ಆಗಿತ್ತಲ್ಲ?"

"ಮಾತಾಡುದಿಲ್ಲ. ಹೊಲಿತೇನೆ," ಎಂದು ಹವ್ವಮ್ಮ ಹೊಸ ಬಟ್ಟೆ ಹರಿದರು.

ಈ ಹಟ ಯಾಕೆ ಬೇಕಿತ್ತು? ಸುಮ್ಮನೆ ಕೊಟ್ಟಿದ್ದರೆ ಗಿರಾಕಿ ಕೃತಜ್ಞತೆ ಹೇಳಿ ಹೋಗುತ್ತಿದ್ದಳು, ಮಹ್ರೂಫ್‌ಗೂ ಬಾಯಿ ತೆಗೆಯಲು ಹೆಚ್ಚು ಜಾಗವಿರುತ್ತಿರಲಿಲ್ಲ. ಈಗ ಶನಿವಾರದೊಳಗೆ ಮುಗಿಯದಿದ್ದರೆ ಅಂಗಡಿಯ ಮಾನ ಹೋಗುತ್ತದೆ, ಕುರ್ಚಿ ಹೋಗುತ್ತದೆ, ಹವ್ವಮ್ಮನ ಒಮಾನೇ ಹೋಗುತ್ತದೆ. ಅದನ್ನೇ ನಾನು ಹೇಳಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

"ಆ ವಿಧವೆ ಗೋಡೆ ಹತ್ತಿದ್ದು ಗೆಲ್ತೇನೆ ಅಂತ ಗೊತ್ತಿದ್ದು ಅಲ್ಲ ಪದ್ಮಕ್ಕ. ಅವಳ ಆಡನ್ನು ನಾನು ಪಾಳೇಗಾರನ ಕಾಲಿಗೆ ಬೀಳಿಸಿದ್ದೇನೆ. ನನಗೆ ನಿದ್ದೆ ಬರ್ತದಾ?"

ಹಾಗೆಂದು ಝುವೈನಾಳ ಕ್ರಮವನ್ನು ಬಿಟ್ಟರೇ? ಬಿಡಲಿಲ್ಲ. ಇನ್ನು ಮೇಲೆ ಹೊರಮೈಯಿಂದ ಹೊಲಿಯಿರಿ, ತಪ್ಪಾಗುವುದಿಲ್ಲ ಎಂದರೆ, "ಕ್ರಮದಲ್ಲಿ ತಪ್ಪಿಲ್ಲ, ನಾನು ನೋಡದ್ದು ತಪ್ಪು" ಎಂದರು. ಚಿತ್ರದ ಕಾಗದವನ್ನು ಮಗುಚಿ ಬೀದಿ ಕಡೆಯ ಗಾಜಿಗೆ ಒತ್ತಿ ಹಿಡಿಯಲು ನನಗೆ ಹೇಳಿದರು. ಹೊರಗಿನ ಬಿಸಿಲಿಗೆ ಗೆರೆಗಳೆಲ್ಲ ಹಿಂದಿನಿಂದ ಮೂಡಿದವು. ಆಡು ಎಡಕ್ಕೆ ತಿರುಗಿ ನಿಂತಿತು. ಅದನ್ನು ಹಾಗೇ ಬಟ್ಟೆಯ ಒಳಮೈಗೆ ಇಳಿಸಿಕೊಂಡರು. ಆ ಕೆತ್ತುವವನ ಅಚ್ಚಿನಲ್ಲಿ ಇದ್ದ ಹಾಗೆಯೇ ಆಯಿತು. "ಅವನು ಬೇಕಂತ ಮಾಡಿದ, ನಾನು ಗೊತ್ತಿಲ್ಲದೆ ಮಾಡಿದೆ. ಈಗ ನಾನೂ ಬೇಕಂತಲೇ ಮಾಡುದು," ಎಂದು ನಕ್ಕರು.

ಮಧ್ಯಾಹ್ನ ಒಂದಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಆ ಹೊತ್ತಿನಲ್ಲಿ ರೂವಿಯಲ್ಲಿ ಟ್ಯಾಕ್ಸಿಯವರೂ ನೆರಳು ಹುಡುಕಿ ಮಲಗಿರುತ್ತಾರೆ. ಹವ್ವಮ್ಮ ಅಲ್ ಅಮೇರಾತ್‌ನ ಮನೆಗೆ ಊಟಕ್ಕೆ ಹೋಗುವುದನ್ನು ಬಿಟ್ಟು, ಅರ್ಧ ಷಟರ್ ಎಳೆದುಕೊಂಡು ಹೊಲಿದರು. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಕೆಲಸ. ಅದರಲ್ಲೂ ಬೈಸಿಕೊಂಡೆ. "ಟೈಪ್ ಮಾಡುವ ಬೆರಳು ಹೀಗೆ ಮರಗಟ್ಟಿದ್ದು ಹೇಗೆ ಮಾರಾಯ್ತಿ" ಎಂದರು. ನನ್ನ ಮನೆಯಿಂದ ತಂದ ಚಿತ್ರಾನ್ನವನ್ನು ನಾನೇ ತುತ್ತು ಮಾಡಿ ಬಾಯಿಗೆ ಕೊಟ್ಟೆ, ಕೈ ಎಣ್ಣೆಯಾದರೆ ಬಟ್ಟೆ ಕೆಡುತ್ತದಲ್ಲ.

ಗುರುವಾರ ಮಹ್ರೂಫ್ ನನ್ನ ಟೈಪಿಂಗ್ ಸೆಂಟರಿಗೇ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅತ್ತಿಗೆಯ ವೀಸಾ ಕ್ಯಾನ್ಸಲ್ ಮಾಡುವ ಅರ್ಜಿ ಟೈಪ್ ಮಾಡಿಕೊಡಿ, ಶನಿವಾರ ಝಿಯಾದ್ ಬರುತ್ತಾರೆ, ಸಹಿ ಹಾಕಿಸುತ್ತೇನೆ ಎಂದ. ನನಗೆ ಎಲ್ಲಿತ್ತೋ ಸಿಟ್ಟು.

"ಅವ್ರು ಬಂದು ಇಲ್ಲಿ ನಿಂತ್ಕೊಂಡು ಹೂಂ ಅಂದ್ರೆ ಟೈಪ್ ಮಾಡ್ತೀನಿ. ಇಲ್ದಿದ್ರೆ ಇಲ್ಲ."

"ನಿಮಗೆ ಇದರಲ್ಲಿ ಎಂತ ಪದ್ಮಕ್ಕ? ಇದು ನಮ್ಮ ಮನೆಯ ವಿಷಯ."

"ಮನೆ ವಿಷಯ ಆದ್ರೆ ಮನೇಲೇ ಟೈಪ್ ಮಾಡ್ಕೊಳ್ಳಿ. ನಿಮಗೆ ಬಟ್ಟೆ ಯಾವುದು, ಬಳ್ಳಿ ಯಾವುದು ಅಂತ ಕಲಿಸ್ದೋರು ಯಾರು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತೀರಾ? ರೂವಿಲಿ ಟೈಪಿಂಗ್ ಸೆಂಟರ್‌ಗೇನು ಬರ, ಬೇರೆ ಕಡೆ ಹೋಗಿ."

ಅವನು ಹೋದ. ಬೇರೆ ಕಡೆಯೇ ಟೈಪ್ ಮಾಡಿಸಿಕೊಂಡ ಎಂದು ಆಮೇಲೆ ತಿಳಿಯಿತು. ನನ್ನ ವ್ಯಾಪಾರ ಹೋಯಿತು, ನಷ್ಟವಾಗಲಿಲ್ಲ.

ಶುಕ್ರವಾರ ರಜೆಯ ದಿನವೂ ಹವ್ವಮ್ಮ ಆಡನ್ನು ಮನೆಗೆ ಒಯ್ದು ಹೊಲಿದರು. ಶನಿವಾರ ಬೆಳಿಗ್ಗೆ ಬಂದಾಗ ಗಡ್ಡ ಮತ್ತು ಹಾಲಿನ ಪಾತ್ರೆ ಮಾತ್ರ ಉಳಿದಿತ್ತು. ನಾನು ಅಂದು ನನ್ನ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ, ಅವರ ಪಕ್ಕದಲ್ಲೇ ಕೂತೆ.

ಗೆರ್ಲಿಂಡೆ ಸೂಟ್‌ಕೇಸಿನ ಸಮೇತ ಟ್ಯಾಕ್ಸಿಯಲ್ಲಿ ಬಂದಳು. ಅವಳ ಹಿಂದೆಯೇ ಝಿಯಾದ್ ಬಂದರು. ಬಿಳಿ ಗಡ್ಡದ, ಹೆಚ್ಚು ಮಾತಿಲ್ಲದ ಮನುಷ್ಯ. ತಲೆಯ ಮೇಲೆ ಹವ್ವಮ್ಮ ಹೊಲಿದ ಕುಮ್ಮ. ಮಹ್ರೂಫ್ ಓಡಿಹೋಗಿ ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದ, ಕಾಗದವನ್ನು ಕೌಂಟರಿನ ಮೇಲೆ ಸಿದ್ಧವಾಗಿಟ್ಟ. ಹವ್ವಮ್ಮ ಯಾರ ಕಡೆಗೂ ತಲೆ ಎತ್ತಲಿಲ್ಲ. ಕೊನೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆಯನ್ನು ಹೊರಮೈಗೆ ತಿರುಗಿಸಿದರು.

ಆಡು ಬಲಕ್ಕೆ ನೋಡುತ್ತಿತ್ತು. ಮೊದಲನೆಯದಕ್ಕಿಂತ ಇದರ ಕತ್ತು ಸ್ವಲ್ಪ ಹೆಚ್ಚೇ ಸೆಟೆದಿತ್ತು. ಬೇಕೆಂದೇ ಹಾಗೆ ಮಾಡಿದ್ದರೋ ಏನೋ, ನಾನು ಕೇಳಲಿಲ್ಲ. ಗೆರ್ಲಿಂಡೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು, ಆಮೇಲೆ ಹವ್ವಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಝಿಯಾದ್ ಆಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಡು ಕುರಿಯ ವಿಷಯದಲ್ಲಿ ಒಮಾನಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಚ್ಚಲು ಚೆನ್ನಾಗಿದೆ ಎಂದರು. ಯಾರ ಆಡು ಎಂದು ಕೇಳಿದರು. ಹವ್ವಮ್ಮ ಸುವೈಕ್‌ನಲ್ಲಿ ಕಲಿತ ಅರಬಿಯಲ್ಲಿ ಮುತ್ತಿಗೆಯ ಕತೆಯನ್ನೆಲ್ಲ ಹೇಳಿದರು. ವಿಧವೆ ಗೋಡೆ ಹತ್ತಿದ ಕಡೆ ಝಿಯಾದ್ ಚಹಾ ಕೆಳಗಿಟ್ಟರು. ಅಚ್ಚು ತಿರುಗಿದ ಕಡೆ ಭುಜ ಕುಲುಕಿಸಿ ನಕ್ಕರು.

ಮಹ್ರೂಫ್ ಇದೇ ಸಮಯವೆಂದು ಕಾಗದವನ್ನು ಮುಂದೆ ಸರಿಸಿದ. ಅತ್ತಿಗೆಗೆ ವಯಸ್ಸಾಯಿತು, ಕೆಲಸದಲ್ಲಿ ತಪ್ಪು ಬರುತ್ತಿದೆ, ಒಂದನ್ನು ಎರಡು ಸಲ ಹೊಲಿಯುವಂತಾಯಿತು, ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ ಎಂದ. ಅವನ ಅರಬಿ ಹವ್ವಮ್ಮನದಕ್ಕಿಂತ ಚೆನ್ನಾಗಿತ್ತು.

ಝಿಯಾದ್ ಪೆನ್ನು ತೆಗೆದರು. ಸಹಿ ಹಾಕುವ ಮೊದಲು ತಲೆ ಎತ್ತಿ, ಅಷ್ಟು ದಿನ ಯಾರಿಗೂ ತೋಚದ ಒಂದು ಕೆಲಸ ಮಾಡಿದರು. ಹವ್ವಮ್ಮನನ್ನು ಕೇಳಿದರು.

"ನೀವು ಹೋಗ್ತೀರಾ?"

"ಲಾ," ಎಂದರು ಹವ್ವಮ್ಮ. ಇಲ್ಲ. ಒಂದೇ ಅಕ್ಷರ. ಕಾರಣ ಕೊಡಲಿಲ್ಲ, ಗಂಡನ ಹೆಸರು ಎತ್ತಲಿಲ್ಲ, ಕಣ್ಣೀರು ಹಾಕಲಿಲ್ಲ. ಕುರ್ಚಿಯ ಮೇಲೆ ಕೂತೇ ಹೇಳಿದರು.

ಝಿಯಾದ್ ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ಹೋಗಲ್ಲ ಅಂತಾರಲ್ಲ. ಮತ್ತೆ ಈ ಕಾಗದ ಯಾಕೆ?" ಎಂದು ಮಹ್ರೂಫ್‌ನನ್ನು ಕೇಳಿದರು. ಅವನು ಕಾಗದವನ್ನು ಮಡಚಿಕೊಂಡ. ವೀಸಾ ನವೀಕರಣದ ಅರ್ಜಿಯನ್ನು ನಾನೇ ಟೈಪ್ ಮಾಡಿದೆ, ಅಷ್ಟು ಚಂದವಾಗಿ ನಾನು ಯಾವುದನ್ನೂ ಟೈಪ್ ಮಾಡಿಲ್ಲ.

ಮೆಷಿನ್ ಬಂತು. ಮಹ್ರೂಫ್‌ನ ಆಸೆಯನ್ನು ಯಾರೂ ತಡೆಯಲಿಲ್ಲ. ಅದು ಬೇರೆಡೆ ಬಾಡಿಗೆಗೆ ಹಿಡಿದ ಗೋದಾಮಿನ ಮೂಲೆಯಲ್ಲಿ ಕೂತು ಶಾಲೆಯ ಬ್ಯಾಡ್ಜ್ ಹೊಲಿಯುತ್ತದೆ. ಗಾಜಿನ ಬಳಿಯ ಕುರ್ಚಿ ಇದ್ದಲ್ಲೇ ಇದೆ.

ಇನ್ನು ಆ ಮೊದಲನೆಯ ಆಡು. ಕೆಟ್ಟದ್ದು ಮೆಟ್ಟಿಲು ಇಳಿಯುವುದಿಲ್ಲ ಎಂದಿದ್ದರಲ್ಲ, ಬೀಡಿಯ ಹಾಗೆ ಅದನ್ನೂ ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಮುಂದಿನ ವಾರ ಹೋಗಿ ನೋಡಿದರೆ ಅದಕ್ಕೆ ಕಟ್ಟು ಹಾಕಿಸಿ, ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

"ಕೆಟ್ಟದ್ದು ಅಂದಿರಿ?" ಎಂದೆ.

"ಅದು ಜರ್ಮನಿಗೆ ಕೆಟ್ಟದ್ದು. ಇಲ್ಲಿಗೆ ಸರಿ ಉಂಟು. ನೀವು ಬಾಗಿಲಲ್ಲಿ ನಿಂತು ನೋಡಿ, ಸೊಟ್ಟ ಆಗಿದೆಯಾ?"

ಬಾಗಿಲಲ್ಲಿ ನಿಂತು ನೋಡಿದೆ. ಎಡಗಡೆ ಗಾಜು, ಹವ್ವಮ್ಮನ ಕುರ್ಚಿ. ಬಲಗಡೆ ಕೌಂಟರ್, ಅದರ ಹಿಂದೆ ರಸೀದಿ ಬರೆಯುತ್ತ ಕೂತ ಮಹ್ರೂಫ್. ನಡುವೆ, ಎದುರಿನ ಗೋಡೆಯ ಮೇಲೆ, ಬಿಳಿ ಆಡು ಎಡಕ್ಕೆ, ಕುರ್ಚಿಯ ಕಡೆಗೆ ಮುಖ ಮಾಡಿ ನಿಂತಿತ್ತು. ಅದರ ಹಿಂಭಾಗ ನೆಟ್ಟಗೆ ಕೌಂಟರಿನ ಕಡೆಗಿತ್ತು.

"ಸರಿಯಾಗಿದೆ," ಎಂದೆ.

"ಹಾಗಾದ್ರೆ ಅಲ್ಲೇ ಇರ್ಲಿ," ಎಂದು ಹವ್ವಮ್ಮ ಮೊಳೆಯ ತಲೆಗೆ ಇನ್ನೊಂದು ಏಟು ಕೊಟ್ಟರು.